ಬಂದ್ ದಿನ ಗಾಳಿ ಏಕೆ ಶುದ್ಧವಾಗಲಿಲ್ಲ?

ಕಾವೂರಿನ ಓದುಗರೊಬ್ಬರ ಪ್ರಶ್ನೆ: "ಬಂದ್ ದಿನ ಮಂಗಳೂರಿನಲ್ಲಿ ಬಸ್ಸಿಲ್ಲ, ಲಾರಿಯಿಲ್ಲ. ಆದರೂ ಮಧ್ಯಾಹ್ನ ಮೊಬೈಲಿನಲ್ಲಿ ನೋಡಿದರೆ ವಾಯು ಗುಣಮಟ್ಟ ಸೂಚ್ಯಂಕ ಹಿಂದಿನ ದಿನದಷ್ಟೇ ಇತ್ತು. ಹಾಗಾದರೆ ವಾಹನಗಳ ಮೇಲಿನ ದೂರು ಸುಳ್ಳೇ?"

ಸಂಪಾದಕರ ಉತ್ತರ:

ದೂರು ನಿಜವೇ. ಆದರೆ ಅದನ್ನು ಪರೀಕ್ಷಿಸಲು ನೀವು ನೋಡಿದ ಸಂಖ್ಯೆ ಸಾಲದು. ಸೂಚ್ಯಂಕಕ್ಕೆ ಎಂಟು ಮಾಲಿನ್ಯಕಾರಕಗಳ ಲೆಕ್ಕವಿದ್ದರೂ ಕೊನೆಗೆ ಕಾಣುವುದು ಅವುಗಳಲ್ಲಿ ಅತಿ ಕೆಟ್ಟದ್ದರ ಅಂಕಿ. ಬಹಳಷ್ಟು ದಿನ ಅದು ಧೂಳು, ಹೊಗೆಯ ಸಣ್ಣ ಕಣಗಳದ್ದು, ಅಂದರೆ ಪಿಎಂ 2.5 (2.5 ಮೈಕ್ರಾನ್ ವರೆಗಿನವು) ಅಥವಾ ಪಿಎಂ 10 (10 ಮೈಕ್ರಾನ್ ವರೆಗಿನವು). ಅದೂ ಹಿಂದಿನ 24 ಗಂಟೆಗಳ ಸರಾಸರಿ. ಬಂದ್ ಬೆಳಿಗ್ಗೆ 6ಕ್ಕೆ ಶುರುವಾಗಿದ್ದರೆ, ಮಧ್ಯಾಹ್ನ 12ರ ಅಂಕಿಯಲ್ಲಿ 18 ಗಂಟೆ ಬಂದ್‌ಗೆ ಮುಂಚಿನದೇ.

ವಾಹನ ನಿಂತದ್ದು ಮೊದಲು ಗೊತ್ತಾಗುವುದು ನೈಟ್ರೋಜನ್ ಡೈಆಕ್ಸೈಡಿನಲ್ಲಿ. ಹಗಲಿನಲ್ಲಿ ಅದರ ಆಯುಷ್ಯ ಕೆಲವೇ ಗಂಟೆ. ಹೊಸ ಹೊಗೆ ಬಾರದಿದ್ದರೆ ಬೇಗ ಇಳಿಯುತ್ತದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ದೇಶದ ದೊಡ್ಡ ನಗರಗಳಲ್ಲಿ ಎದ್ದು ಕಾಣುವಂತೆ ಇಳಿದದ್ದು ಇದೇ. ಪಿಎಂ 2.5 ಕೂಡ ಇಳಿಯಿತು, ಆದರೆ ಅಷ್ಟಲ್ಲ. ಓಝೋನ್ ಕೆಲವೆಡೆ ಏರಿತು: ಎಂಜಿನ್ ಹೊಗೆಯ ನೈಟ್ರಿಕ್ ಆಕ್ಸೈಡ್ ಓಝೋನಿನೊಂದಿಗೆ ಸೇರಿ ಅದನ್ನು ಕಳೆಯುತ್ತದೆ, ಹೊಗೆ ತಗ್ಗಿದಾಗ ಆ ಕಡಿತವೂ ತಗ್ಗುತ್ತದೆ.

ಪಿಎಂ 2.5 ಒಮ್ಮೆ ಗಾಳಿ ಸೇರಿದರೆ, ಮಳೆ ಬಾರದಿದ್ದರೆ, ದಿನಗಟ್ಟಲೆ ತೇಲುತ್ತದೆ. ಸಲ್ಫರ್ ಡೈಆಕ್ಸೈಡ್, ಅಮೋನಿಯಾದಂಥ ಅನಿಲಗಳಿಂದ ಗಾಳಿಯಲ್ಲೇ ಹೊಸದಾಗಿಯೂ ಹುಟ್ಟುತ್ತದೆ. ಬಂದ್ ಎಂದು ಪಣಂಬೂರಿನ ಬಂದರಿಗಾಗಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರಕ್ಕಾಗಲಿ ರಜೆಯಿಲ್ಲ. ಇನ್ನೊಂದು ಮೂಲ ನಮ್ಮ ಮನೆಯ ಹಿಂದೆಯೇ ಇದೆ. ಎಲ್ಲರೂ ಮನೆಯಲ್ಲಿರುವ ದಿನ ಬಚ್ಚಲ ಹಂಡೆಯ ಒಲೆ ಹೊತ್ತೇರುವವರೆಗೂ ಉರಿಯುತ್ತದೆ, ಅಂಗಳದ ತರಗೆಲೆಗೂ ಅಂದೇ ಬೆಂಕಿ ಬೀಳುತ್ತದೆ. ಚೆನ್ನಾಗಿ ಒಣಗಿದ ಗೆರಟೆ ಜ್ವಾಲೆಯೆದ್ದು ಉರಿಯುತ್ತದೆ, ಹೊಗೆ ಕಡಿಮೆ. ಹಸಿ ಕೊತ್ತಳಿಗೆ, ಒದ್ದೆ ಸಿಪ್ಪೆ ತುರುಕಿದರೆ ಶಾಖವೆಲ್ಲ ನೀರು ಆರುವುದಕ್ಕೇ ಖರ್ಚಾಗಿ, ಅರೆಬೆಂದ ಇಂಗಾಲ ಮತ್ತು ಟಾರು ಸಣ್ಣ ಕಣಗಳಾಗಿ ಹೊರಬೀಳುತ್ತವೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಕಡಲ ಗಾಳಿ ಏಳುವವರೆಗೆ ಈ ಹೊಗೆ ತೋಟದ ತಗ್ಗುಗಳಲ್ಲಿ ಪದರವಾಗಿ ನಿಂತಿರುತ್ತದೆ. ಕಟ್ಟಿಗೆಯನ್ನು ಸೂರಿನಡಿ ಒಣಗಿಸಿಟ್ಟರೆ, ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಹಾಗೆಂದು ವಾಹನಗಳನ್ನು ಬಿಟ್ಟುಬಿಡುವಂತಿಲ್ಲ. ಮಾಪನ ಕೇಂದ್ರ ಹೇಳುವುದು ಅದು ಇರುವ ಜಾಗದ ಸುತ್ತಿನ ಗಾಳಿಯ ಸ್ಥಿತಿ. ಪಂಪ್‌ವೆಲ್ ಕಡೆಯಿಂದ ನಂತೂರು ವೃತ್ತಕ್ಕೆ ಕಡಿಮೆ ಗೇರಿನಲ್ಲಿ ಏರಿ ಬರುವ ಲಾರಿಗಳ ನಡುವೆ ನಿಲ್ಲುವ ಸಂಚಾರ ಪೊಲೀಸರು ಉಸಿರಾಡುವುದು ಬೇರೆಯೇ ಗಾಳಿಯನ್ನು. ಹೊಗೆಯ ಸಾಂದ್ರತೆ ರಸ್ತೆಯಂಚಿನಲ್ಲಿ ಅತಿ ಹೆಚ್ಚು. ನೂರಿನ್ನೂರು ಮೀಟರ್ ದೂರ ಹೋಗುವಷ್ಟರಲ್ಲಿ ತೀರಾ ಇಳಿದಿರುತ್ತದೆ. ಟೈರು ಎಬ್ಬಿಸುವ ಕೆಂಪು ಧೂಳೂ ಹಾಗೆಯೇ. ಊರಿನ ಸೂಚ್ಯಂಕ ಕದಲದ ದಿನವೂ ವೃತ್ತದಲ್ಲಿ ನಿಲ್ಲುವವರಿಗೆ, ಬಸ್ ಕಂಡಕ್ಟರುಗಳಿಗೆ, ರಸ್ತೆ ಬದಿ ಎಳನೀರು ಮಾರುವವರಿಗೆ ದೊಡ್ಡ ವ್ಯತ್ಯಾಸ ಆಗಿರುತ್ತದೆ. ಸಂಚಾರ ತಗ್ಗಿಸಬೇಕೆಂದು ನಾವು ಬರೆಯುತ್ತಿರುವುದು ಮುಖ್ಯವಾಗಿ ಇವರ ಸಲುವಾಗಿ.

ನೀವೇ ಪರೀಕ್ಷಿಸಬೇಕೆಂದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಸೂಚ್ಯಂಕ ಬಿಟ್ಟು ನೈಟ್ರೋಜನ್ ಡೈಆಕ್ಸೈಡಿನ ಗಂಟೆವಾರು ಅಂಕಿ ತೆಗೆಯಿರಿ. ಬಂದ್ ಮಂಗಳವಾರವಾಗಿದ್ದರೆ ಅದರ ಹಿಂದಿನ ಎರಡು, ಮುಂದಿನ ಎರಡು ಮಂಗಳವಾರಗಳ ಬೆಳಿಗ್ಗೆ 8ರಿಂದ 10ರ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಮಳೆ ಬಂದ ದಿನವನ್ನೂ ಗಾಳಿ ಜೋರಾಗಿದ್ದ ದಿನವನ್ನೂ ಕೈಬಿಡಿ. ಮನೆಯಲ್ಲಿಡುವ ಅಗ್ಗದ ಲೇಸರ್ ಮಾಪಕವನ್ನು ಇದಕ್ಕೆ ನಂಬಬೇಡಿ. ಅದು ಅಳೆಯುವುದು ಕಣಗಳನ್ನು, ನೈಟ್ರೋಜನ್ ಡೈಆಕ್ಸೈಡನ್ನಲ್ಲ. ಕಣಗಳ ಅಂಕಿಯೂ ಸದಾ ಸರಿಯಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಆರ್ದ್ರತೆ ಶೇ. 80 ದಾಟಿದಾಗ ಕಣಗಳು ನೀರು ಹೀರಿ ಊದುತ್ತವೆ, ಮಾಪಕ ಅದನ್ನೂ ಮಾಲಿನ್ಯವೆಂದೇ ಓದುತ್ತದೆ. ಬಳಸಲೇಬೇಕಾದರೆ ಆರ್ದ್ರತೆ ಹೆಚ್ಚುಕಡಿಮೆ ಒಂದೇ ಇದ್ದ ಗಂಟೆಗಳನ್ನಷ್ಟೇ ಹೋಲಿಸಿ.