ಮನೆಗೆ ಸ್ಪ್ರಿಂಕ್ಲರ್: ‘ಲ್ಯಾಬ್ ಟೆಸ್ಟ್ ಆಗಿದೆ’ ಅಂದ್ರೆ ಏನು?

ನೀವು ಕೇಳಿದ್ದು ಇಷ್ಟು: ಬೆಳಗಾವಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ಅಂಗಡಿಯವರು ಛಾವಣಿಯಿಂದ ನೀರು ಚಿಮ್ಮಿಸಿ ಬೆಂಕಿ ಹತೋಟಿಗೆ ತರುವ ಸ್ಪ್ರಿಂಕ್ಲರ್‌ಗೂ ಬೆಂಕಿಗೆ ಎಸೆದರೆ ಒಡೆದು ಪೌಡರ್ ಚೆಲ್ಲುವ ‘ಬೆಂಕಿ ಆರಿಸುವ ಚೆಂಡಿ’ಗೂ ‘ಲ್ಯಾಬ್ ಟೆಸ್ಟ್ ಆಗಿದೆ’ ಅನ್ನುತ್ತಾರೆ. ಆ ಟೆಸ್ಟ್ ಹೇಗಿರುತ್ತದೆ, ನಂಬಬಹುದಾ?

ನಾನೀಗ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ವಾಲ್ವ್ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ಬೇರೆ ಊರಿನ ಒಂದು ಲ್ಯಾಬಿನಲ್ಲಿ ಕೋಣೆ ಕಟ್ಟಿ ಸುಡುವುದೇ ನನ್ನ ಕೆಲಸ. ‘ಯಾರ ಮುಂದೂ ಹಾಗೆ ಹೇಳಬೇಡ’ ಅಂತ ಅವ್ವ ಬೈಯುತ್ತಿದ್ದಳು.

ಮನೆ ಸ್ಪ್ರಿಂಕ್ಲರ್‌ಗೆ ಅಮೆರಿಕದ ಯುಎಲ್ 1626 ಅನ್ನುವ ಪರೀಕ್ಷೆ ಇದೆ. ದೊಡ್ಡ ಶೆಡ್ಡಿನೊಳಗೆ ಎಂಟು ಅಡಿ ಎತ್ತರದ ಕೋಣೆ ಕಟ್ಟುತ್ತಾರೆ. ಒಂದು ಮೂಲೆಯ ಗೋಡೆಗಳಿಗೆ ಪ್ಲೈವುಡ್. ಅಲ್ಲೇ ‘ಸೋಫಾ’. ನಿಜವಾದ ಸೋಫಾ ಇಡುವುದಿಲ್ಲ, ಯಾಕೆಂದರೆ ಒಂದೊಂದು ಒಂದೊಂದು ಥರ ಉರಿಯುತ್ತದೆ, ಇವತ್ತಿನ ಟೆಸ್ಟನ್ನು ನಾಳೆಯದಕ್ಕೆ ಹೋಲಿಸಲು ಬರುವುದಿಲ್ಲ. ಅದರ ಬದಲು ಕಟ್ಟಿಗೆ ಪಟ್ಟಿಗಳನ್ನು ಅಡ್ಡಡ್ಡ ಪೇರಿಸಿದ ಒಂದಡಿಯ ಗೂಡು, ಪಕ್ಕದಲ್ಲಿ ಪ್ಲೈವುಡ್ಡಿಗೆ ಅಂಟಿಸಿ ನಿಲ್ಲಿಸಿದ ಎರಡು ಪಾಲಿಯುರೆಥೇನ್ ಫೋಮ್ ಹಾಳೆ, ಮೂರು ಇಂಚು ದಪ್ಪ. ಗೂಡಿನ ಕೆಳಗೆ ತಟ್ಟೆಯಲ್ಲಿ ಹೆಪ್ಟೇನ್, ಪೆಟ್ರೋಲಿನ ಹಾಗೆ ಬೇಗ ಹೊತ್ತುವ ದ್ರವ.

ಹಚ್ಚಿದ ಮೇಲೆ ಸ್ವಲ್ಪ ಹೊತ್ತು ‘ಇಷ್ಟೇನಾ’ ಅನಿಸುತ್ತದೆ. ಫೋಮಿಗೆ ಹತ್ತಿತೋ, ಮುಗೀತು. ಹೊಗೆ ಛಾವಣಿಗೆ ಬಡಿದು, ಕರಿ ಕಂಬಳಿ ಹಾಸಿದ ಹಾಗೆ ಹರಡಿ, ಕೆಳಗಿಳಿಯುತ್ತಾ ಬರುತ್ತದೆ. ಸ್ಪ್ರಿಂಕ್ಲರ್‌ನಲ್ಲಿ ಕೆಂಪು ದ್ರವದ ಸಣ್ಣ ಗಾಜಿನ ಬಲ್ಬ್ ಇರುತ್ತದೆ, 68 ಡಿಗ್ರಿ ಸೆಲ್ಸಿಯಸ್ಸಿಗೆ ಒಡೆಯುವಂಥದ್ದು. ಸದ್ದು ಏನೂ ಇಲ್ಲ, ಟಿಕ್ ಅಂತ ಅಷ್ಟೆ. ಆಮೇಲೆ ನೀರು. ನಾವೆಲ್ಲ ಬೆಂಕಿ ನೋಡುತ್ತಿದ್ದರೆ ನಮ್ಮ ಹಿರಿಯರು ಮಾತ್ರ ಒಂದೇ ಗ್ರಾಫ್ ನೋಡುತ್ತಿದ್ದರು: ನೆಲದಿಂದ 1.6 ಮೀಟರ್ ಎತ್ತರದ ಶಾಖ. ನಿಂತ ಮನುಷ್ಯನ ಮೂಗು ಇರುವ ಜಾಗ. ಅಲ್ಲಿ 93 ಡಿಗ್ರಿ ದಾಟಿದರೆ ಫೇಲ್. 54 ಡಿಗ್ರಿಗಿಂತ ಮೇಲೆ ಸತತ ಎರಡು ನಿಮಿಷಕ್ಕಿಂತ ಜಾಸ್ತಿ ಇದ್ದರೂ ಫೇಲ್. ಗೂಡಿನೊಳಗೆ ಇನ್ನೂ ಕೆಂಡ ಇದ್ದರೆ? ಪರವಾಗಿಲ್ಲ, ಪಾಸ್. ಈ ಟೆಸ್ಟ್ ಕೇಳುವುದು, ಆ ಕೋಣೆಯಲ್ಲಿದ್ದವರು ಎದ್ದು ಹೊರಗೆ ಬರಬಹುದಾ ಅಂತ.

ಈಗ ಚೆಂಡು ಮಾರುವವರು ತೋರಿಸುವ ವಿಡಿಯೋ ನೆನಪಿಸಿಕೊಳ್ಳಿ. ಬಯಲಲ್ಲಿ ಒಂದು ಟ್ರೇ ಪೆಟ್ರೋಲ್, ಢಂ ಅಂತ ಪೌಡರ್, ಬೆಂಕಿ ಮಾಯ, ಚಪ್ಪಾಳೆ. ಕೋಣೆ ಇಲ್ಲ, ಛಾವಣಿ ಇಲ್ಲ, ಮೂಗಿನ ಎತ್ತರದ ಲೆಕ್ಕ ಇಲ್ಲ. ಪೌಡರ್ ಜ್ವಾಲೆಯನ್ನು ಕೊಲ್ಲುತ್ತದೆ, ತಣ್ಣಗೆ ಮಾಡುವುದಿಲ್ಲ. ಕಾದ ಸೋಫಾ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನೇ ನಂಬಿ ಕೂರಬೇಡಿ.

ಹಾಗಂತ ಸ್ಪ್ರಿಂಕ್ಲರ್ ತಂದು ಮನೆ ನಲ್ಲಿ ಪೈಪಿಗೆ ಸುಮ್ನೆ ಸಿಕ್ಕಿಸಿದರೆ ಆಗುವುದಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ. ಮಾಮೂಲಿ ಮನೆ ಸ್ಪ್ರಿಂಕ್ಲರ್ ಒಂದಕ್ಕೆ ನಿಮಿಷಕ್ಕೆ ಸುಮಾರು 49 ಲೀಟರ್ ಬೇಕು. ಅಮೆರಿಕದ ಎನ್‌ಎಫ್‌ಪಿಎ 13ಡಿ ನಿಯಮ ಎರಡು ಸ್ಪ್ರಿಂಕ್ಲರ್‌ಗೆ 10 ನಿಮಿಷದ ನೀರು ಇಡಿ ಅನ್ನುತ್ತದೆ. 980 ಲೀಟರ್! ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಪೂರ್ತಿ, ಅದೂ ನಳ ಬರದ ದಿನ ಕೂಡ ತುಂಬಿರಬೇಕು. ಇನ್ನು ಒತ್ತಡ: ಅಷ್ಟು ನೀರು ಬರಲು ಅರ್ಧ ಬಾರ್ ಹತ್ತಿರ ಬೇಕು, ಅಂದರೆ ಟ್ಯಾಂಕ್ ಸ್ಪ್ರಿಂಕ್ಲರಿಗಿಂತ ಐದು ಮೀಟರ್ ಮೇಲಿರಬೇಕು. ತಾರಸಿ ಮೇಲಿನ ಟ್ಯಾಂಕಿನಿಂದ ಮೇಲಿನ ಅಂತಸ್ತಿಗೆ ಅದರ ಅರ್ಧವೂ ಸಿಗುವುದಿಲ್ಲ. ಹಾಗಾಗಿ ಪಂಪ್ ಬೇಕು. ಬೆಂಕಿ ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಮೇನ್ ಸ್ವಿಚ್ ತೆಗೆಯುವುದು, ಅಲ್ವಾ? ಪಂಪಿನ ವೈರ್ ಮೇನ್ ಸ್ವಿಚ್‌ಗಿಂತ ಮೊದಲೇ ಬೇರೆ ಆಗಿರಲಿ ಅಂತ ಎಲೆಕ್ಟ್ರಿಷಿಯನ್‌ಗೆ ಈಗಲೇ ಹೇಳಿ.

ಇಲ್ಲಿ ಹೇಳಿದ್ದೆಲ್ಲ ಸಪಾಟು ಛಾವಣಿಯ ಲೆಕ್ಕ. ಹಂಚಿನ ಇಳಿಜಾರು ಮಾಡಿನ ಹಳೇ ಮನೆಯಾದರೆ ಅದನ್ನು ಹಾಗೇ ಬಳಸಬೇಡಿ.

ಇನ್ನೊಂದು. ಊದುಬತ್ತಿ ಕಿಡಿ ಕೌದಿ ಮೇಲೆ ಬಿದ್ದರೆ ಅದು ಕೂಡಲೇ ಉರಿಯದೆ ಗಂಟೆಗಟ್ಟಲೆ ಹೊಗೆಯಾಡಬಹುದು. ಛಾವಣಿ ಕಾಯುವುದಿಲ್ಲ, ಬಲ್ಬ್ ಒಡೆಯುವುದಿಲ್ಲ, ಮಲಗಿದವರಿಗೆ ವಿಷದ ಗಾಳಿ ಮಾತ್ರ ತುಂಬುತ್ತದೆ. ಅದಕ್ಕೆ ಹೊಗೆ ಅಲಾರ್ಮ್ ಬೇಕು. ದುಡ್ಡು ಕಡಿಮೆ ಇದ್ದರೆ ಮೊದಲು ಅದನ್ನೇ ಹಾಕಿಸಿ.

ನಮ್ಮ ಮನೆಯಲ್ಲೂ ಸ್ಪ್ರಿಂಕ್ಲರ್ ಇಲ್ಲ, ಅಲಾರ್ಮ್ ಎರಡಿವೆ. ಒಂದನ್ನು ಅಡುಗೆಮನೆ ಬಾಗಿಲಲ್ಲಿ ಹಾಕಿದ್ದೆ. ಅವ್ವ ರೊಟ್ಟಿ ಬಡಿಯಲು ಕೂತಾಗಲೆಲ್ಲ ಕೂಗುತ್ತಿತ್ತು. ಮೂರನೇ ದಿನ ಅವಳೇ ಬ್ಯಾಟರಿ ಕಿತ್ತಿಟ್ಟಳು. ಈಗ ಪಡಸಾಲೆಗೆ ಸರಿಸಿದ್ದೇನೆ.