ಸಾಲ ಬಾಕಿ ಇರುವ ಹಳೇ ಕಾರು ತಗೊಳ್ಳುವಾಗ ಹಣ ಯಾವ ಖಾತೆಗೆ ಹೋಗುತ್ತದೆ ಅಂತ ನೋಡಿ

ನೀವು ತಗೊಳ್ಳಲು ನೋಡುತ್ತಿರುವುದು ಪರಿಚಯದವರ ಸ್ವಿಫ್ಟ್ ಕಾರು, ಅದರ ಸಾಲದ 14 ಕಂತು ಇನ್ನೂ ಬಾಕಿ. ಕಾರು ಈಗಲೇ ತಗೊಂಡು ಕಂತು ನೀವೇ ಕಟ್ಟುತ್ತಾ ಹೋಗುವುದಾ, ಅಥವಾ ಪೂರ್ತಿ ಹಣ ಅವರಿಗೆ ಕೊಟ್ಟು ಅವರೇ ಸಾಲ ಮುಗಿಸಲಿ ಅಂತ ಬಿಡುವುದಾ, ಇಷ್ಟು ನಿಮ್ಮ ಪ್ರಶ್ನೆ. ಎರಡೂ ಬೇಡ. ಎರಡನೆಯದನ್ನು ನಾನು ಮಾಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2022ರ ಜೂನ್. ನಮ್ಮ ಮನೆ ಕಟಪಾಡಿಯಲ್ಲಿ, ನನ್ನ ಕೆಲಸ ಬೈಕಂಪಾಡಿಯಲ್ಲಿ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಗಿತ್ತು. ಉಡುಪಿಗೆ ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗುತ್ತಿದ್ದರು, ಬರುವಾಗ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ಮಳೆ ಬೇರೆ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಅರ್ಧ ಗಂಟೆ ನಿಂತರು. ಆ ದಿನವೇ ತೀರ್ಮಾನ ಮಾಡಿದೆ, ಒಂದು ಕಾರು ಬೇಕೇ ಬೇಕು ಅಂತ.

ಸುರತ್ಕಲ್ ಕಡೆಯವರು ಒಬ್ಬರು ಸಿಕ್ಕಿದರು. 2017ರ ವ್ಯಾಗನ್ ಆರ್, ಕೆಎ 19, ಒಂದೇ ಕೈಯಲ್ಲಿ ಓಡಿದ್ದು. ಅವರಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತ್ತು, ವೀಸಾ ಬಂದಿತ್ತು, ಭಾನುವಾರ ರಾತ್ರಿ ಬಜ್ಪೆಯಿಂದ ವಿಮಾನ. 3,35,000ಕ್ಕೆ ಮಾತಾಯಿತು. ಬ್ಯಾಂಕಿನ ಸಾಲ ಉಂಟು ಅಂತ ಅವರೇ ಮೊದಲು ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಸಾಲ ಮುಗಿಸಲು ಎಷ್ಟು ಕಟ್ಟಬೇಕು ಅಂತ ಬ್ಯಾಂಕಿನಿಂದ ಪತ್ರವನ್ನೂ ತಂದು ಕೊಟ್ಟರು. ಅವಧಿಗೆ ಮೊದಲು ಮುಗಿಸುವುದಕ್ಕೆ ಶೇ. 5 ದಂಡ, ಅದರ ಮೇಲೆ ಶೇ. 18 ಜಿಎಸ್‌ಟಿ, ಎಲ್ಲ ಸೇರಿ 1,71,640 ರೂಪಾಯಿ. ಏಳು ದಿನ ಮಾತ್ರ ಆ ಲೆಕ್ಕ ನಡೆಯುತ್ತದೆ.

ಕಾರನ್ನು ನಾನು ನೋಡಿದ ರೀತಿ ಹೇಳುತ್ತೇನೆ. ನಮ್ಮ ಕಡೆ ಹಳೇ ಕಾರು ಅಂದರೆ ಮೊದಲು ತುಕ್ಕು ನೋಡುವುದು, ಅಲ್ವಾ? ಕಡಲ ಗಾಳಿಗೆ ಅಡಿಭಾಗ ಹೇಗೆ ತಿಂದುಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಗೋಣಿ ಹಾಸಿ ಕೆಳಗೆ ಮಲಗಿ ಟಾರ್ಚ್ ಹಿಡಿದು ಒಂದು ಗಂಟೆ ನೋಡಿದೆ. ಬಾಗಿಲ ಅಂಚು, ಸೈಲೆನ್ಸರ್, ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿ, ಎಲ್ಲ. ಕಾಗದಪತ್ರಕ್ಕೆ ಕೊಟ್ಟದ್ದು ಹತ್ತು ನಿಮಿಷ. ಆ ಪತ್ರದಲ್ಲಿ ಮೊತ್ತ ನೋಡಿದೆ, ದಿನಾಂಕ ನೋಡಿದೆ, ನಾಲ್ಕಾಗಿ ಮಡಚಿ ಡ್ಯಾಶ್‌ಬೋರ್ಡಿನ ಒಳಗೆ ಇಟ್ಟೆ.

ಈಗ ಆ ತಪ್ಪಿನ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಅದು ತಪ್ಪು ಅಂತ ಅನಿಸುವುದೇ ಇಲ್ಲ.

ಶುಕ್ರವಾರ ಸಂಜೆ ಆರು ಗಂಟೆ. ನಾನು ಬೈಕಂಪಾಡಿಯಲ್ಲಿ ಕೆಲಸ ಮುಗಿಸಿ ಆ್ಯಪ್‌ನಲ್ಲಿ ಹಣ ಹಾಕಲು ಕೂತೆ. ಸಾಲದ ಖಾತೆ ಸಂಖ್ಯೆ ಹಾಕಿದರೆ, ಹೊಸ ಖಾತೆ, ಮರುದಿನದವರೆಗೆ ದೊಡ್ಡ ಮೊತ್ತ ಹೋಗುವುದಿಲ್ಲ ಅಂತ ಬಂತು. ಅವರ ಉಳಿತಾಯ ಖಾತೆ ಮಾತ್ರ ಮೊದಲೇ ಸೇರಿಸಿ ಆಗಿತ್ತು, ಮುಂಗಡ 10,000 ಅದಕ್ಕೇ ಹಾಕಿದ್ದೆ. ಫೋನ್ ಮಾಡಿದೆ. ಅವರು ಹೇಳಿದರು, "ಉಳಿತಾಯ ಖಾತೆಗೇ ಹಾಕಿ ಮಾರಾಯ್ರೆ, ತಿಂಗಳ ಕಂತು ಅಲ್ಲಿಂದಲೇ ಕಟ್ ಆಗುವುದು, ಇದೂ ಅಲ್ಲಿಂದಲೇ ಆಗುತ್ತದೆ." ನನಗೂ ಸರಿ ಅನಿಸಿತು. ಒಂದೇ ಬ್ಯಾಂಕು, ಒಂದೇ ಮನುಷ್ಯ, ಖಾತೆ ಯಾವುದಾದರೇನು? 1,75,000 ಹಾಕಿದೆ. ಶನಿವಾರ ಅವರ ಮನೆಗೆ ಹೋಗಿ ಉಳಿದ 1,50,000ಕ್ಕೆ ಅವರ ಹೆಂಡತಿಯ ಹೆಸರಿಗೆ ಚೆಕ್ ಕೊಟ್ಟು, ಹೆಸರು ಬದಲಿಸಲು ಬೇಕಾದ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಕಾರು ತಂದೆ. ಬಾಂಡ್ ಪೇಪರಿನಲ್ಲಿ ಒಪ್ಪಂದ, ನೋಟರಿ ಸೀಲು, ಎಲ್ಲ ಆಯಿತು.

ಖಾತೆ ಯಾವುದಾದರೇನು ಅಂದೆನಲ್ಲ, ಅಲ್ಲೇ ಎಲ್ಲ ಕೆಟ್ಟದ್ದು. ಕಂತು ತಾನಾಗಿ ಕಟ್ ಆಗುವುದು ಹೌದು, ಆದರೆ ಆ ತಿಂಗಳ ಕಂತು ಮಾತ್ರ. ಸಾಲ ಮುಗಿಸುವುದು ತಾನಾಗಿ ಆಗುವುದಿಲ್ಲ. ಸಾಲ ತಗೊಂಡವರು ಬರೆದು ಕೊಡಬೇಕು, ಹಣ ಸಾಲದ ಖಾತೆಗೆ ಬೀಳಬೇಕು, ಆಗ ಮಾತ್ರ ಮುಗಿಯುವುದು. ಅವರು ಬರೆದು ಕೊಡಲಿಲ್ಲ, ಬೇಕು ಅಂತ ಅವರಿಗೆ ಗೊತ್ತೂ ಇರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಅದೇ ಬ್ಯಾಂಕಿನಲ್ಲಿ ಅವರಿಗೆ ಒಂದು ವೈಯಕ್ತಿಕ ಸಾಲವೂ ಇತ್ತು, ಮೂರು ಕಂತು ಬಾಕಿ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಹಣ ಖಾತೆಗೆ ಬಿದ್ದ ರಾತ್ರಿಯೇ ಆ ಬಾಕಿ, ದಂಡ, ಬಡ್ಡಿ ಅಂತ ಬ್ಯಾಂಕು 58,200 ಎಳೆದುಕೊಂಡಿತು. ಉಳಿದದ್ದು 1,16,800. ಅಷ್ಟರಲ್ಲಿ ಸಾಲ ಮುಗಿಸಲು ಆಗುವುದಿಲ್ಲ. ಏಳು ದಿನ ಕಳೆಯಿತು, ಪತ್ರದ ಅವಧಿ ಮುಗಿಯಿತು, ಅವರು ಆಗಲೇ ಕಡಲಾಚೆ.

ಅಲ್ಲಿಂದ ಮುಂದೆ ಪ್ರತಿ ತಿಂಗಳು ಆ ಹಣದಿಂದ ಕಾರಿನ ಕಂತು 8,150, ಇನ್ನೊಂದು ಸಾಲದ ಕಂತು 11,600. ಜುಲೈಯಿಂದ ನವೆಂಬರ್ ಅಂದರೆ ಐದು ತಿಂಗಳು. ನಡುವೆ ಅವರು ಒಮ್ಮೆ 20,000 ಕಳಿಸಿದರು, ಅದೂ ಅದೇ ಖಾತೆಗೆ, ಅದು ಡಿಸೆಂಬರಿಗೆ ಆಯಿತು. ಮಳೆಯಲ್ಲಿಟ್ಟ ಬೆಲ್ಲದ ಹಾಗೆ ಕರಗಿಹೋಯಿತು. ನಾನು ಬ್ಯಾಂಕಿಗೆ ಹೋಗಿ ಕೇಳಿದೆ. "ನೀವು ನಮ್ಮ ಗ್ರಾಹಕರಲ್ಲ, ಅವರ ಖಾತೆಯ ವಿಷಯ ನಿಮಗೆ ಹೇಳುವ ಹಾಗಿಲ್ಲ" ಅಂದರು. ಅದು ನಿಯಮ, ಅವರನ್ನು ದೂರುವುದಿಲ್ಲ. ಈ ಲೆಕ್ಕವೆಲ್ಲ ನನಗೆ ಗೊತ್ತಾದದ್ದೇ ಆಮೇಲೆ, ಅವರು ಪಾಸ್‌ಬುಕ್ ಪುಟಗಳ ಫೋಟೋ ಕಳಿಸಿದಾಗ. ಅಲ್ಲಿಯವರೆಗೆ ಫೋನಿನಲ್ಲಿ "ಆಗುತ್ತದೆ, ಮಾಡಿಸುತ್ತೇನೆ" ಅನ್ನುತ್ತಿದ್ದರು, ನಾನೂ ನಂಬಿದ್ದೆ.

2023ರ ಏಪ್ರಿಲ್, ಒಂದು ಮಂಗಳವಾರ, ಬೆಳಗ್ಗೆ ಎಂಟೂವರೆ. ಅಪ್ಪ ಅಂಗಿ ಹಾಕಿ ಜಗಲಿಯಲ್ಲಿ ಕೂತಿದ್ದರು, ಹತ್ತು ಗಂಟೆಗೆ ಡಯಾಲಿಸಿಸ್. ಬೈಕಿನಲ್ಲಿ ಇಬ್ಬರು ಬಂದರು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ನಮ್ಮ ಕಾರಿನ ನಂಬರ್ ಬರೆದ ಕಾಗದ. ಬ್ಯಾಂಕಿನ ಕಡೆಯವರು, ಕಾರಿನ ಸಾಲದ ಮೂರು ಕಂತು ಬಾಕಿ, ಗಾಡಿ ತಗೊಂಡು ಹೋಗಬೇಕು ಅಂದರು. ನಾನು ಸಾಲ ಮುಗಿಸಲು ಹಣ ಕೊಟ್ಟಾಗಿದೆ ಅಂತ ಗಟ್ಟಿಯಾಗಿ ಹೇಳಿದೆ. ಸಾಕ್ಷಿ ಬೇಕಲ್ಲ, ಡ್ಯಾಶ್‌ಬೋರ್ಡ್ ತೆಗೆದು ಆ ಮಡಚಿದ ಪತ್ರ ಕೊಟ್ಟೆ. ಅವರಲ್ಲಿ ಸಣ್ಣವನು ಅದನ್ನು ಕಾರಿನ ಬಾನೆಟ್ ಮೇಲೆ ಬಿಡಿಸಿ ಇಟ್ಟು ಓದಿದ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟ. ಮೇಲಿನ ಮೊತ್ತವನ್ನು ಸಾಲದ ಖಾತೆಗೆ ಮಾತ್ರ ಜಮಾ ಮಾಡಬೇಕು ಅಂತ, ಕೆಳಗೆ ಖಾತೆ ಸಂಖ್ಯೆ. "ಇದಕ್ಕೆ ಹಾಕಿದ್ದೀರಾ ಅಣ್ಣ?" ಅಂತ ಮೆಲ್ಲಗೆ ಕೇಳಿದ. ಹತ್ತು ತಿಂಗಳು ಆ ಪತ್ರ ನಾನು ಓಡಿಸುವ ಕಾರಿನಲ್ಲೇ ಇತ್ತು. ಮಡಿಕೆಯ ಜಾಗದಲ್ಲಿ ಅಕ್ಷರ ಮಾಸಿತ್ತು, ಆ ಸಾಲು ಮಾತ್ರ ಸರಿಯಾಗಿ ಕಾಣುತ್ತಿತ್ತು. ನನಗೆ ಮಾತೇ ಹೊರಡಲಿಲ್ಲ. ಅಪ್ಪ ಜಗಲಿಯಿಂದ "ಎಂಥದು?" ಅಂತ ಕೇಳಿದರು, ಏನೂ ಇಲ್ಲ ಅಂದೆ.

ಆ ದಿನ ಬಾಕಿ ಕಂತು ಕಟ್ಟಿ ಕಾರು ಉಳಿಸಿಕೊಂಡೆ. ಅಪ್ಪನನ್ನು ರಿಕ್ಷಾದಲ್ಲಿ ಕಳಿಸಿದೆ, ಹೆಂಡತಿ ಜೊತೆಗೆ ಹೋದಳು. ಮುಂದಿನ ವಾರ ಅವಳ ಬಳೆ ಅಡವಿಟ್ಟು ಪೂರ್ತಿ ಸಾಲ ಮುಗಿಸಿದೆ. ಎಲ್ಲ ಸೇರಿ 1,36,400. ಕೌಂಟರಿನಲ್ಲಿ ನಿಂತು ಸಾಲದ ಖಾತೆ ಸಂಖ್ಯೆಯನ್ನು ಮೂರು ಸಲ ಓದಿ ನೋಡಿ ಕಟ್ಟಿದೆ. ಅಂದರೆ ಒಂದೇ ಸಾಲಕ್ಕೆ ನಾನು ಎರಡು ಸಲ ಹಣ ಕೊಟ್ಟ ಹಾಗಾಯಿತು.

ಅಷ್ಟಕ್ಕೂ ಮುಗಿಯಲಿಲ್ಲ. ಕಾರಿನ ಸಾಲ ಮುಗಿದರೂ ಬ್ಯಾಂಕು ಎನ್‌ಒಸಿ, ಅಂದರೆ ತಮ್ಮ ಆಕ್ಷೇಪ ಇಲ್ಲ ಅನ್ನುವ ಪತ್ರ, ಕೊಡಲಿಲ್ಲ, ಅವರ ವೈಯಕ್ತಿಕ ಸಾಲ ಬಾಕಿ ಇತ್ತಲ್ಲ, ಅದು ಸರಿಯಾಗಲಿ ಅಂದರು. ಅವರು ಸಹಿ ಹಾಕಿದ ಸಾಲದ ಒಪ್ಪಂದದಲ್ಲೇ ಹಾಗೆ ಬರೆದಿತ್ತಂತೆ. ಡಿಸೆಂಬರಿನಲ್ಲಿ ಅವರು ರಜೆಯಲ್ಲಿ ಬಂದು ಅದನ್ನು ಸರಿ ಮಾಡಿದ ಮೇಲೆಯೇ ಎನ್‌ಒಸಿ ಮತ್ತು ಫಾರ್ಮ್ 35 ಸಿಕ್ಕಿದ್ದು, ಅದು ಕಾರಿನ ನೋಂದಣಿ ಪತ್ರದಿಂದ (ಆರ್‌ಸಿ) ಸಾಲದ ನಮೂದು ತೆಗೆಸುವ ಅರ್ಜಿ. ಕಾರು ನನ್ನ ಹೆಸರಿಗೆ ಆಗುವಾಗ 2024ರ ಜನವರಿ. ಈ ನಡುವೆ ಪಡುಬಿದ್ರಿಯಲ್ಲಿ ಒಬ್ಬ ಹಿಂದಿನಿಂದ ಗುದ್ದಿ ಕಾರಿನ ಹಿಂಭಾಗ ಒಳಗೆ ಹೋಯಿತು. ವಿಮೆ ಮಾರಿದವರ ಹೆಸರಿನಲ್ಲಿ, ಆರ್‌ಸಿ ಅವರ ಹೆಸರಿನಲ್ಲಿ, ನನಗೆ ಒಂದು ರೂಪಾಯಿ ಬರಲಿಲ್ಲ.

ನನಗೆ ಕಾರು ಮಾರಿದವರು ಮೋಸಗಾರ ಅಲ್ಲ. ಇದನ್ನು ನೀವು ಗಮನಿಸಬೇಕು. ಈಗಲೂ ತಿಂಗಳಿಗೆ 5,000 ಕಳಿಸುತ್ತಾರೆ, ತಪ್ಪಿಸಿಲ್ಲ. ನೀವು "ಪರಿಚಯದವರು, ನಂಬಿಕಸ್ಥರು" ಅಂತ ಎರಡು ಸಲ ಬರೆದಿದ್ದೀರಿ. ಇರಬಹುದು. ಆದರೆ ಬ್ಯಾಂಕಿನ ಕಂಪ್ಯೂಟರಿಗೆ ಅವರ ಒಳ್ಳೆತನ ಕಾಣುವುದಿಲ್ಲ. ಆ ಖಾತೆಗೆ ಬಿದ್ದ ಹಣ ಅವರ ಹಣ, ಅದರ ಮೇಲೆ ಯಾರ್ಯಾರ ಹಕ್ಕು ಉಂಟು ಅಂತ ಅವರಿಗೇ ಪೂರ್ತಿ ಗೊತ್ತಿರುವುದಿಲ್ಲ.

ಇನ್ನು ಕಂತು ನೀವೇ ಕಟ್ಟುತ್ತಾ ಹೋಗುವ ಯೋಚನೆ. ಅದು ಇನ್ನೂ ಕೆಟ್ಟದು. 14 ತಿಂಗಳು ಕಾರು ನಿಮ್ಮ ಅಂಗಳದಲ್ಲಿ, ಕಾಗದ ಮಾತ್ರ ಅವರದ್ದು. ಸಾಲ ಕೊಟ್ಟವರು ಒಪ್ಪದೆ ಆರ್‌ಟಿಒದಲ್ಲಿ ಹೆಸರು ಬದಲಾಗುವುದಿಲ್ಲ, 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಬಾಂಡ್ ಪೇಪರ್ ನಿಮ್ಮಿಬ್ಬರ ನಡುವಿನದ್ದು, ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಮಾರುವವರಿಗೂ ಅಪಾಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಯಾಗಿದೆ. ನೀವು ಎಲ್ಲೋ ಯಾರಿಗೋ ಗುದ್ದಿದರೆ ನೋಟಿಸು ಅವರ ಮನೆಗೆ. ಇದನ್ನು ಅವರಿಗೆ ಹೇಳಿ ನೋಡಿ, ಬ್ಯಾಂಕಿಗೆ ಬರಲು ತಾವೇ ಒಪ್ಪುತ್ತಾರೆ.

ನಾನಾದರೆ ಈಗ ಹೀಗೆ ಮಾಡುತ್ತೇನೆ. ಮೊದಲು ಸರಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ಸಾಲ ಕೊಟ್ಟದ್ದು ಯಾರು ಅಂತ ನೋಡುತ್ತೇನೆ, ವಿಮೆಯ ಪಾಲಿಸಿಯಲ್ಲೂ ಅದೇ ಹೆಸರು ಉಂಟಾ ಅಂತ ನೋಡುತ್ತೇನೆ. ಕೆಲವು ಸಲ ಸಾಲ ಎಂದೋ ತೀರಿರುತ್ತದೆ, ಆರ್‌ಸಿಯಲ್ಲಿ ತೆಗೆಸಿರುವುದಿಲ್ಲ ಅಷ್ಟೆ, ಆಗ ಬ್ಯಾಂಕಿನ ಎನ್‌ಒಸಿ ಸಿಕ್ಕಿದರೆ ಹೆದರುವ ಕೆಲಸ ಇಲ್ಲ. ಬಾಕಿ ಇದ್ದರೆ ಮಾರುವವರನ್ನು ಕರೆದುಕೊಂಡು ಆ ಬ್ರ್ಯಾಂಚಿಗೆ ಹೋಗುತ್ತೇನೆ, ಬೆಳಗ್ಗೆಯೇ. ಅವರ ಎದುರೇ ಮ್ಯಾನೇಜರ್ ಹತ್ತಿರ ಒಂದೇ ಪ್ರಶ್ನೆ: ಈ ಸಾಲ ಮುಗಿದರೆ ಎನ್‌ಒಸಿ ಕೊಡುತ್ತೀರಾ, ಅಥವಾ ಇವರ ಬೇರೆ ಸಾಲವೋ ಇವರು ಜಾಮೀನು ನಿಂತದ್ದೋ ಅಡ್ಡ ಬರುತ್ತದಾ? ಅದಕ್ಕೆ ಉತ್ತರ ಕಾಗದದಲ್ಲಿ ಅಥವಾ ಇಮೇಲಿನಲ್ಲಿ ಬರಬೇಕು. ಸಾಲ ಮುಗಿಸಿ ಅಂತ ಮಾರುವವರು ಅಲ್ಲೇ ಬರೆದು ಕೊಡಬೇಕು, ನನ್ನ ಹಣ ನೇರ ಸಾಲದ ಖಾತೆಗೆ ಹೋಗಬೇಕು, ಬ್ಯಾಂಕ್ ವರ್ಗಾವಣೆ ಆಗಲಿ ಡಿಡಿ ಆಗಲಿ. ಸಾಲ ಮುಗಿಯಿತು ಅಂತ ರಸೀದಿ ಕೈಗೆ ಬರದೆ ಕೂತ ಜಾಗದಿಂದ ಏಳುವುದಿಲ್ಲ. ಉಳಿದ ಹಣದಲ್ಲಿ 50,000 ಆದರೂ ಹಿಡಿದಿಟ್ಟುಕೊಂಡು, ಕಾರು ನನ್ನ ಹೆಸರಿಗೆ ಆದ ದಿನ ಕೊಡುತ್ತೇನೆ. ಅವರು ಊರು ಬಿಡುವವರಾದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಈಗ ಆನ್‌ಲೈನ್ ಅರ್ಜಿಗೆ ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ, ಅಲ್ಲಿ ಹೋಗಿ ಸಿಮ್ ಬಂದ್ ಮಾಡಿದರೆ ನೀವು ಇಲ್ಲಿ ಕಾಯುತ್ತಾ ಕೂರಬೇಕು.

ಫಾರ್ಮ್ 35 ಸಿಕ್ಕಿದ ಕೂಡಲೇ ಅಲ್ಲೇ ನಿಂತು ಅದರಲ್ಲಿರುವ ಚಾಸಿ ನಂಬರ್ ಆರ್‌ಸಿಯ ಜೊತೆ ತಾಳೆ ನೋಡಿ. ನನ್ನದರಲ್ಲಿ ಒಂದು ಅಕ್ಷರ ತಪ್ಪಿತ್ತು, ಆರ್‌ಟಿಒದಿಂದ ವಾಪಸ್ ಕಳಿಸಿದರು, ಮತ್ತೆ ಹತ್ತು ದಿನ. ಎನ್‌ಒಸಿಯನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ, ಅದಕ್ಕೂ ಅವಧಿ ಬರೆದಿರುತ್ತದೆ. ಸಾಲ ತೆಗೆಸುವುದು, ಹೆಸರು ಬದಲಿಸುವುದು ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿ. ಕಾರು ಕೈಬದಲಾದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿ.

ಬ್ಯಾಂಕಿನ ಪತ್ರ ಬಂದ ಮೇಲೆ, ಹಣ ಹಾಕುವ ಮೊದಲು, ಅರ್ಥ ಆಗದ ಸಾಲು ಒಂದೇ ಒಂದು ಇದ್ದರೂ ಕೇಳಿ. ಮಂಗಳವಾರ ಮತ್ತು ಶುಕ್ರವಾರ ಅಪ್ಪನ ಜೊತೆ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕೂತಿರುತ್ತೇನೆ, ಆಗ ನಿಧಾನವಾಗಿ ಓದಿ ಉತ್ತರ ಬರೆಯುತ್ತೇನೆ.