ಹಳೇ ಲ್ಯಾಪ್‌ಟಾಪ್‌ನ ಸಿ ಡ್ರೈವ್ ಪೂರ್ತಿ ಕಾಪಿ ಮಾಡಿದ್ರೆ ಹೊಸದ್ರಲ್ಲಿ ಎಲ್ಲ ಕೆಲಸ ಮಾಡತ್ತಾ?
ಸಿ ಡ್ರೈವನ್ನ ಹಾಗೇ ಎತ್ತಿ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದ್ರೆ ಸಾಫ್ಟ್‌ವೇರೂ ಬಂದ್ಬಿಡತ್ತಾ ಅಂತ ಕೇಳಿದೀರ. ಬರಲ್ಲ. ವಿಂಡೋಸ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕಿದಾಗ ಅದು ಒಂದೇ ಫೋಲ್ಡರ್‌ನಲ್ಲಿ ಕೂರಲ್ಲ, ರಿಜಿಸ್ಟ್ರಿಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರ್ದಿಟ್ಕೊಳ್ಳೋ ಜಾಗ) ಎಂಟ್ರಿ ಆಗಿರತ್ತೆ, ಸಿಸ್ಟಮ್ ಫೋಲ್ಡರ್‌ನಲ್ಲಿ ಒಂದಷ್ಟು ಫೈಲ್ ಹೋಗಿರತ್ತೆ, ಹಾಗಾಗಿ ಕಾಪಿ ಮಾಡಿದ್ದು ಹೆಚ್ಚಿನಂಶ ಓಪನ್ನೇ ಆಗಲ್ಲ. ಸಾಫ್ಟ್‌ವೇರ್ ಎಲ್ಲ ಹೊಸದಾಗಿ ಇನ್‌ಸ್ಟಾಲ್ ಮಾಡ್ಕೊಳ್ಳಿ, ಸಾಗಿಸೋದು ಡೇಟಾ ಮಾತ್ರ.

ಫೋಟೋ, ಡಾಕ್ಯುಮೆಂಟ್ಸ್ ಯಾರೂ ಮರೆಯಲ್ಲ ಬಿಡಿ. ನನ್ನ ಪ್ರಕಾರ ಕಳ್ಕೊಳ್ಳೋದು ಕಣ್ಣಿಗೆ ಕಾಣದೇ ಇರೋದನ್ನ. ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಆಪ್‌ಡೇಟಾ ಅಂತ ಒಂದಿದೆ, ಅದು ಹಿಡನ್, ವ್ಯೂ ಮೆನುಲಿ ಹಿಡನ್ ಐಟಮ್ಸ್ ಆನ್ ಮಾಡಿದ್ರೆ ಮಾತ್ರ ಕಾಣತ್ತೆ. ಸ್ಟಿಕಿ ನೋಟ್ಸ್, ಥಂಡರ್‌ಬರ್ಡ್ ಮೇಲ್, ಎಷ್ಟೋ ಗೇಮ್‌ಗಳ ಸೇವ್ ಫೈಲ್ ಎಲ್ಲ ಇರೋದು ಅಲ್ಲೇ. ಔಟ್‌ಲುಕ್‌ನಲ್ಲಿ ಪಾಪ್ ಅಕೌಂಟ್ (ಮೇಲನ್ನ ಸರ್ವರ್‌ನಿಂದ ಕಂಪ್ಯೂಟರ್‌ಗೆ ಇಳಿಸ್ಕೊಳ್ಳೋ ಥರದ್ದು) ಇದ್ರೆ ಹಳೇ ಮೇಲ್ ಸರ್ವರ್‌ನಲ್ಲಿ ಇಲ್ಲದೇನೂ ಇರಬಹುದು, ಔಟ್‌ಲುಕ್ ಆ ಮೇಲ್‌ಗಳನ್ನ ಇಟ್ಟಿರೋ ಪಿಎಸ್‌ಟಿ ಫೈಲ್ ಹುಡುಕಿ ತಗೊಳ್ಳಿ. ಬ್ರೌಸರ್ ವಿಷಯದಲ್ಲಿ ಮಾತ್ರ ಫೋಲ್ಡರ್ ಕಾಪಿ ನಂಬ್ಕೋಬೇಡಿ, ಕ್ರೋಮ್‌ನ ಪಾಸ್‌ವರ್ಡ್‌ಗಳು ಆ ವಿಂಡೋಸ್ ಅಕೌಂಟಿನ ಕೀಲಿ ಇಟ್ಟು ಲಾಕ್ ಆಗಿರತ್ತೆ, ಬೇರೆ ಮಷೀನ್‌ನಲ್ಲಿ ತೆರ್ಕೊಳ್ಳಲ್ಲ. ಸಿಂಕ್ ಆನ್ ಮಾಡಿ, ಇಲ್ಲಾ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಆದ ಸಿಎಸ್‌ವಿ ಫೈಲನ್ನ ಯಾರು ಬೇಕಾದ್ರೂ ಓದಬಹುದು, ಕೆಲಸ ಮುಗಿದ ತಕ್ಷಣ ಡಿಲೀಟ್ ಮಾಡಿ.

ಒನ್‌ಡ್ರೈವ್ ಬಳಸ್ತಿದ್ರೆ ಫೈಲ್ ಪಕ್ಕ ಮೋಡದ ಗುರುತು ಇದೆಯಾ ನೋಡಿ. ಇದ್ರೆ ಆ ಫೈಲ್ ನಿಮ್ಮ ಡಿಸ್ಕ್‌ನಲ್ಲಿಲ್ಲ, ಬರೀ ಹೆಸರಿದೆ ಅಷ್ಟೇ. ಹೊಸದ್ರಲ್ಲಿ ಅದೇ ಅಕೌಂಟ್‌ಗೆ ಲಾಗಿನ್ ಆದ್ರೆ ಸಿಗತ್ತೆ.

ಸಾಗಿಸೋಕೆ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಒಳ್ಳೇದು. ಪೆನ್‌ಡ್ರೈವ್ ಆದ್ರೆ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಒಂದೂ ಹೋಗಲ್ಲ, ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ, ಫಾರ್ಮ್ಯಾಟ್ ಮಾಡಿದ್ರೆ ಅದ್ರಲ್ಲಿರೋದು ಅಳಿಸಿಹೋಗತ್ತೆ ಅನ್ನೋದು ನೆನಪಿರಲಿ. ಸಾವಿರಾರು ಚಿಕ್ಕ ಚಿಕ್ಕ ಫೈಲ್ ಇದ್ರೆ ಒಂದು ದೊಡ್ಡ ಫೈಲಿಗಿಂತ ತುಂಬಾ ನಿಧಾನ, ಗಾಬರಿ ಬೇಡ. ಕಟ್-ಪೇಸ್ಟ್ ಮಾತ್ರ ಮಾಡಲೇಬೇಡಿ, ಕಾಪಿನೇ ಮಾಡಿ, ಮಧ್ಯದಲ್ಲಿ ಕೇಬಲ್ ಅಲ್ಲಾಡಿದ್ರೂ ಮೂಲ ಇದ್ದಲ್ಲೇ ಇರತ್ತೆ.

ಹಳೇದ್ರ ಡಿಸ್ಕ್ ಬಿಚ್ಚಿ ಅಡಾಪ್ಟರ್‌ನಲ್ಲಿ ಹಾಕೋ ಯೋಚನೆ ಇದ್ರೆ, ಲ್ಯಾಪ್‌ಟಾಪ್ ಇನ್ನೂ ಆನ್ ಆಗ್ತಿರೋವಾಗ್ಲೇ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾನ ಲಾಕ್ ಮಾಡಿಡೋ ವಿಂಡೋಸ್‌ನ ಎನ್‌ಕ್ರಿಪ್ಷನ್) ಇದೆಯಾ ಚೆಕ್ ಮಾಡಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದೇನೇ ಎನ್‌ಕ್ರಿಪ್ಷನ್ ಆನ್ ಆಗಿರತ್ತೆ, 48 ಅಂಕಿಯ ರಿಕವರಿ ಕೀ ಇಲ್ದೇ ಆ ಡಿಸ್ಕ್ ತೆರ್ಕೊಳ್ಳಲ್ಲ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರತ್ತೆ, ಹೋಗಿ ನೋಡಿ ಒಂದು ಕಾಗದದಲ್ಲಿ ಬರ್ದಿಟ್ಕೊಳ್ಳಿ ದಯವಿಟ್ಟು.

ಎಲ್ಲ ಆದ್ಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಎರಡೂ ಕಡೆ ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ ನೋಡಿ, ಕೆಲವು ವಿಡಿಯೋ, ಫೋಟೋ ನಿಜವಾಗ್ಲೂ ಓಪನ್ ಮಾಡಿ ನೋಡಿ. ಆಮೇಲೂ ಹಳೇದನ್ನ ಒಂದೆರಡು ತಿಂಗಳು ಹಾಗೇ ಇಟ್ಕೊಳ್ಳಿ, ಯಾವ ಫೈಲ್ ಬಿಟ್ಟುಹೋಗಿದೆ ಅಂತ ಗೊತ್ತಾಗೋದು ಅದು ಬೇಕಾದಾಗ್ಲೇ. ಮಾರೋದಾದ್ರೆ ಬರೀ ಡಿಲೀಟ್ ಸಾಲಲ್ಲ, ರೀಸೆಟ್‌ನಲ್ಲಿ ರಿಮೂವ್ ಎವ್ರಿಥಿಂಗ್ ಆರಿಸಿ, ಅಲ್ಲೇ ಚೇಂಜ್ ಸೆಟ್ಟಿಂಗ್ಸ್‌ನಲ್ಲಿ ಕ್ಲೀನ್ ಡೇಟಾ ಆನ್ ಮಾಡಿ ಕೊಡಿ.